ಏಳು ಮೊಟ್ಟೆಗಳ ಹಳದಿ

ನಾಲ್ಕು ಋತುಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ ನಾಲ್ಕು ಹಸುಗಳಂತೆ ಕತ್ತಲೆಯಿಂದ ಬೆಳಕಿಗೂ ಬೆಳಕಿನಿಂದ ಕತ್ತಲೆಗೂ ನಡೆಸುವ ಪ್ರಭುವೇ, ಎಳೆಯ ಬಾಯಿಗೆ ಹಾಲನ್ನೂ ಮುದಿಬಾಯಿಗೆ ಪ್ರಾರ್ಥನೆಯನ್ನೂ ಅನುಗ್ರಹಿಸಿದವನೇ, ಮೊದಲ ವಂದನೆ ನಿನಗೆ. ಹೇಸಿಗೆಯ ಕತೆಯೊಂದನ್ನು ಹೇಳಹೊರಟಿದ್ದೇನೆ. ಅದರ ನಾತ ನನ್ನ ನಾಲಗೆಗೆ ಅಂಟದಿರಲಿ. ಕೇಳುವವರ ಮನೆಯ ಗಡಿಗೆಯಲ್ಲಿ ಹಾಲು ಕೆಡದಿರಲಿ.

“ಮುಟ್ಟಬೇಡ ಕಣಯ್ಯ. ಒಂದು ಸಲ ಹೇಳಿದೀನಿ.”

ಟೈಗ್ ಲಿಡ್ಡಿ ಹುಲ್ಲೆತ್ತುವ ಕವೆಗೋಲನ್ನು ಅಡ್ಡ ಹಿಡಿದು ನಿಂತ. ಕ್ಲೇರ್ ಸೀಮೆಯ ಆ ಕಲ್ಲುನೆಲದಲ್ಲಿ ಹನ್ನೊಂದು ಹಸುಗಳನ್ನು ಕಟ್ಟಿಕೊಂಡು, ಮದುವೆ ಮಕ್ಕಳೆಂಬ ಗೊಡವೆಯಿಲ್ಲದೆ ಎಪ್ಪತ್ತು ದಾಟಿದವನು ಅವನು. ಎದುರಿಗೆ ಬಗ್ಗಿ ನಿಂತಿದ್ದವನು ಲೋರ್ಕನ್ ಡೆವಾನಿ. ಚಳಿಗಾಲದಲ್ಲಿ ಡಬ್ಲಿನ್‌ನಿಂದ ಬಂದು ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದ ಚಿತ್ರಕಾರ. ಬಣ್ಣ ಕಲಸಲು ಮೊಟ್ಟೆ ಬೇಕೆಂದು ಅವನು ಹಿಂದಿನ ದಿನ ರಸ್ತೆಯಲ್ಲಿ ಹೇಳಿದಾಗ, ನನ್ನ ಹುಲ್ಲುಮನೆಗೆ ಬಾ, ಅಲ್ಲಿ ಇದ್ದೇ ಇರುತ್ತವೆ ಎಂದು ಕರೆದವನು ಟೈಗ್‌ನೇ.

ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ. ಕಳೆದ ಬೇಸಿಗೆಯ ಹುಲ್ಲು ಕರಗಿ ತಳ ಕಾಣುತ್ತಿತ್ತು. ಆ ತಳದ ತೇವದಲ್ಲಿ, ಬೆಣ್ಣೆ ಸವರಿದ ಹಳೆಯ ಚಿಂದಿಯ ಮೇಲೆ, ಏಳು ಮೊಟ್ಟೆಗಳು ಬಳೆಯಂತೆ ಸುತ್ತುಗೂಡಿದ್ದವು. ಬೆಣ್ಣೆ ಹಸಿರುಗಟ್ಟಿತ್ತು. ನಡುವೆ ಇನ್ನೂ ಕೂದಲು ಮೂಡದ ಮಾಂಸದ ಮುದ್ದೆಯೊಂದು. ಅದರ ಮೈಯೆಲ್ಲ ಬಿಳಿ ಹುಳುಗಳು ಒಂದರ ಮೇಲೊಂದು ಹೊರಳಿ, ಆ ಮುದ್ದೆ ಉಸಿರಾಡುತ್ತಿರುವಂತೆ ತೋರುತ್ತಿತ್ತು. ಕಮಟು ನಾತ ಗಂಟಲಿಗೆ ಇಳಿದು ಅಲ್ಲಿಯೇ ಕುಳಿತುಕೊಂಡಿತು. ಆದರೆ ಮೊಟ್ಟೆಗಳ ಮೇಲೆ ಒಂದು ಕಲೆಯಿಲ್ಲ. ತೊಳೆದಿಟ್ಟ ಹಲ್ಲುಗಳ ಹಾಗೆ ಅವು ಹೊಳೆಯುತ್ತಿದ್ದವು.

“ಏನು ಟೈಗ್, ಕೋಳಿಮೊಟ್ಟೆಗೂ ಹೆದರ್ತೀರಾ?”

“ಕೋಳಿ ಇಟ್ಟ ಜಾಗ ಅಲ್ಲ ಅದು. ಮನುಷ್ಯರ ಕೈ ಇಟ್ಟಿದ್ದು. ಪಿಶೋಗ್ ಅಂತೀವಿ ನಾವು. ಮಾಟ. ಇಟ್ಟವರ ಮನೆಗೆ ಹಾಲು ಹರಿದುಹೋಗುತ್ತೆ, ಇಟ್ಟಿಸಿಕೊಂಡವರ ಮನೇಲಿ ಕೀವು ಉಳಿಯುತ್ತೆ. ಮಾರ್ಚ್‌ನಿಂದ ನನ್ನ ಹಸುಗಳ ಕೆಚ್ಚಲಲ್ಲಿ ಏನು ಬರ್ತಿದೆ, ಬಂದು ನೋಡ್ತೀಯಾ?”

“ಬೇಡಪ್ಪ, ಊಟ ಮಾಡಿ ಬಂದಿದೀನಿ. ಯಾರಂತೆ ಇಟ್ಟಿದ್ದು?”

ಟೈಗ್ ಗಲ್ಲವನ್ನು ಕಲ್ಲುಗೋಡೆಯ ಕಡೆಗೆ ಎತ್ತಿದ. “ಆಚೆ ಒಬ್ಬಳಿದ್ದಾಳಲ್ಲ, ಡೀಲಿಯಾ ಕ್ವೀಲಿ. ಒಂದು ಕಣ್ಣು ಸದಾ ಸುರೀತಿರುತ್ತಲ್ಲ, ಅವಳು. ನಾನೇನೂ ಹೇಳಲ್ಲ, ನೀನೇ ಲೆಕ್ಕ ಹಾಕು.” ಆಮೇಲೆ ಅವನ ದನಿ ತಗ್ಗಿತು, ಅದರಲ್ಲೊಂದು ಮೃದುತ್ವ ಬಂತು. “ಒಡೆದು ನೋಡಿದವರು ಹೇಳ್ತಾರೆ, ಅದರ ಒಳಗಿನ ಹಳದಿಯಂಥ ಬಣ್ಣ ಈ ಭೂಮಿ ಮೇಲೇ ಇಲ್ಲವಂತೆ. ಆದ್ರೂ ನೀನು ಮುಟ್ಟಬೇಡ. ಎರಡನೇ ಸಲ ಹೇಳ್ತಿದೀನಿ.”

ಲೋರ್ಕನ್‌ನ ಕಣ್ಣು ಮೊಟ್ಟೆಗಳನ್ನು ಬಿಟ್ಟು ಕದಲಲಿಲ್ಲ.

“ಸಲಿಕೆ ತರ್ತೀನಿ, ಚರ್ಚಿನ ತೀರ್ಥ ತರ್ತೀನಿ. ಬರೋವರೆಗೂ ಮುಟ್ಟಬೇಡ. ಮೂರಾಯ್ತು.”

ಅಂಗಳವನ್ನು ಐದು ಬಾರಿ ದಾಟಿ ಬರಬಹುದಾದಷ್ಟು ಹೊತ್ತು ಟೈಗ್ ಬರಲಿಲ್ಲ. ಲೋರ್ಕನ್ ತನ್ನಷ್ಟಕ್ಕೆ ನಕ್ಕು, ಟೋಪಿಯನ್ನು ಕಳಚಿ, ಏಳೂ ಮೊಟ್ಟೆಗಳನ್ನು ಅದರಲ್ಲಿ ತುಂಬಿಕೊಂಡ. ಚಿಪ್ಪುಗಳು ಬೆಚ್ಚಗಿದ್ದವು.

ತಿರುಗಿ ಬಂದ ಟೈಗ್ ಬರಿದಾದ ಚಿಂದಿಯನ್ನು ನೋಡಿದ. ಸಿಟ್ಟಾಗಲಿಲ್ಲ. ದೀರ್ಘವಾಗಿ ಉಸಿರುಬಿಟ್ಟ.

“ನೀನೇ ತಗೊಂಡೆಯಾ? ನಿನ್ನ ಇಷ್ಟದಿಂದ?”

“ನನ್ನಿಷ್ಟದಿಂದಲೇ. ನಿಮ್ಮ ಮಾಟ ನನ್ನ ಚಿತ್ರಕ್ಕೆ ಬಣ್ಣ ಆಗ್ಲಿ, ಬಿಡಿ.”

“ನಾನು ಹೇಳಲಿಲ್ಲ ಅಂತ ಮಾತ್ರ ಆಮೇಲೆ ಅನ್ನಬೇಡ, ಮಗಾ,” ಎಂದು ಮುದುಕ ಹಲ್ಲು ಬಿಟ್ಟ. ಅವನ ಕೈಯಲ್ಲಿ ಸಲಿಕೆಯೂ ಇರಲಿಲ್ಲ, ತೀರ್ಥದ ಸೀಸೆಯೂ ಇರಲಿಲ್ಲ. ಲೋರ್ಕನ್ ಅದನ್ನು ಗಮನಿಸಲಿಲ್ಲ.

ಊರಿನ ಹಳೆಯ ಹಾಲಿನ ಡೇರಿಯನ್ನು ಸಭಾಭವನವಾಗಿ ಮಾಡಿದ್ದರು. ಅದರ ನಾಲ್ಕು ಗೋಡೆಗಳಿಗೆ ಪೂರ್ವಿಕರ ನಾಲ್ಕು ಹಬ್ಬಗಳ ಚಿತ್ರದ ಹಲಗೆಗಳನ್ನು ಬರೆಯುವ ಕೆಲಸ ಲೋರ್ಕನ್‌ನದು. ಕತ್ತಲೆಯ ಬಾಗಿಲಾದ ಸಾವಿನ್, ಕುರಿಗಳ ಮೊದಲ ಹಾಲಿನ ಇಂಬೊಲ್ಕ್, ಸುಗ್ಗಿಯ ಲೂನಸ ಮುಗಿದಿದ್ದವು. ಮೇ ತಿಂಗಳ ಮೊದಲ ದಿನ, ಬೆಂಕಿಯ ಹಬ್ಬವಾದ ಬ್ಯಾಲ್ಟನೆಯಂದು ಭವನ ತೆರೆಯಬೇಕು. ಬ್ಯಾಲ್ಟನೆಯ ಹಲಗೆಯೊಂದೇ ಬಾಕಿ. ಆ ಹಬ್ಬಗಳ ದೇವತೆಗಳಲ್ಲಿ ಯಾರೊಬ್ಬರನ್ನೂ ಅವನು ನಂಬುತ್ತಿರಲಿಲ್ಲ. ಶಿಲುಬೆಯ ದೇವರನ್ನೂ ನಂಬುತ್ತಿರಲಿಲ್ಲ. ಅವನಿಗೆ ದೇವರುಗಳೆಲ್ಲ ಆಕಾರಗಳು, ಹಬ್ಬಗಳೆಲ್ಲ ಬಣ್ಣಕ್ಕೊಂದು ನೆಪ.

ಅವನ ರೀತಿ ಹಳೆಯದು. ಮೊಟ್ಟೆಯೊಡೆದು ಬಿಳಿ ಲೋಳೆಯನ್ನು ಸುರಿದುಬಿಡುವನು. ಉಳಿದ ಹಳದಿಯ ಉಂಡೆಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಉರುಳಿಸಿ ಉರುಳಿಸಿ ಒಣಗಿಸುವನು. ಆಮೇಲೆ ಅದರ ತೆಳುಪೊರೆಯನ್ನು ಎರಡು ಬೆರಳಲ್ಲಿ ಚಿವುಟಿ ಮೇಲೆತ್ತಿ, ಸೂಜಿಯಿಂದ ಚುಚ್ಚಿ, ರಸವನ್ನು ಬಟ್ಟಲಿಗೆ ಇಳಿಸುವನು. ಪೊರೆ ಬೆರಳಲ್ಲಿ ಜೋತುಬೀಳುವುದು. ಆ ರಸಕ್ಕೆ ಬಣ್ಣದ ಪುಡಿಯನ್ನೂ ನೀರನ್ನೂ ಕಲಸಿದರೆ ಶತಮಾನಗಳು ಕಳೆದರೂ ಮಾಸದ ಬಣ್ಣ.

ಟೈಗ್‌ನ ಮಾತು ಸುಳ್ಳಾಗಿರಲಿಲ್ಲ. ತಿಂಗಳುಗಟ್ಟಲೆ ಕೊಳೆಯಲ್ಲಿದ್ದ ಮೊಟ್ಟೆಗಳಿಂದ ಎಳ್ಳಷ್ಟೂ ನಾತ ಬರಲಿಲ್ಲ. ಒಳಗಿನ ಹಳದಿಗೆ ಪುಡಿಯನ್ನು ಬೆರೆಸುವ ಅಗತ್ಯವೇ ಬೀಳಲಿಲ್ಲ. ಗುಡ್ಡದ ಹಳದಿ ಮುಳ್ಳುಹೂವೆಲ್ಲ ಕರಗಿ ಬಟ್ಟಲಿಗೆ ಬಂದಂತಿತ್ತು ಅದು. ಪೊರೆ ಮಾತ್ರ ವಿಚಿತ್ರವಾಗಿ ಗಟ್ಟಿ. ಬಲಗೈ ಬೆರಳಿಗೆ ಅಂಟಿದ್ದು ಎಷ್ಟು ತೊಳೆದರೂ ಪೂರ್ತಿ ಬಿಡಲಿಲ್ಲ.

ಎರಡು ಬೆಂಕಿಗಳ ನಡುವೆ ಹಸುಗಳನ್ನು ಹಾಯಿಸುವ ದೃಶ್ಯ ಅವನದು. ಮಧ್ಯದಲ್ಲಿ ಹೂಬಿಟ್ಟ ಮುಳ್ಳುಮರದಡಿ ಮಗುವಿಗೆ ಮೊಲೆಯೂಡಿಸುತ್ತ ಕುಳಿತ ತಾಯಿ. ಅದಕ್ಕೆ ಮಾದರಿಯಾಗಿ ಕುಳಿತವಳು ಅವನ ಹೆಂಡತಿ ಊನಾ. ತೊಡೆಯ ಮೇಲೆ ಐದು ವಾರದ ಮಗಳು ಐಡೀನ್. ಬೆಂಕಿಗೂ ಹಳದಿ, ಹಸುಗಳ ಕೊಂಬಿಗೂ ಹಳದಿ, ತಾಯಿಯ ಎದೆಯ ಮೇಲೂ ಮಗುವಿನ ತುಟಿಯ ಮೇಲೂ ಅದೇ ಹಳದಿಯ ಹೊಳಪು.

ಎರಡನೆಯ ದಿನ ಡೀಲಿಯಾ ಕ್ವೀಲಿ ಬಿಸಿ ರೊಟ್ಟಿಯ ಗಂಟು ಹಿಡಿದು ಹೊಸ್ತಿಲ ಮೇಲೆ ನಿಂತಳು.

“ದೇವರ ಕೃಪೆ ಇರಲಪ್ಪ ಈ ಕೆಲಸದ ಮೇಲೆ.”

ಆ ಸೀಮೆಯಲ್ಲಿ ಕೆಲಸ ನಡೆಯುತ್ತಿರುವ ಮನೆಗೆ ಯಾರೂ ಆ ಮಾತಿಲ್ಲದೆ ಕಾಲಿಡುವುದಿಲ್ಲ. ಕೂಸನ್ನೋ ಕರುವನ್ನೋ ಹೊಗಳಿ ಆ ಮಾತನ್ನು ಸೇರಿಸದವರನ್ನು ಅದಕ್ಕೆ ದೃಷ್ಟಿ ಹಾಕಿದವರಂತೆ ನೋಡುತ್ತಾರೆ.

“ಕೆಲಸ ನಂದು ಡೀಲಿಯಾ, ಹೆಸರು ದೇವರಿಗಾ?” ಎಂದ ಲೋರ್ಕನ್.

“ಹೆಸರು ನೀನೇ ಇಟ್ಕೋ ಮಾರಾಯ. ಕೂಸು ಎಲ್ಲಿ, ಆ ಬಂಗಾರ ಎಲ್ಲಿ, ದೇವರು ಕಾಯಲಿ ಅದನ್ನ...” ಎನ್ನುತ್ತ ಒಳಬಂದವಳು ಹಲಗೆಯನ್ನು ಕಂಡು ನಿಂತುಬಿಟ್ಟಳು. ಕೈಚೌಕ ಬಾಯಿಗೆ ಹೋಯಿತು. ಅವಳು ಎರಡು ಬಾರಿ ಓಕರಿಸಿದಳು.

“ಇದನ್ನ ಎಲ್ಲಿಂದ ತಂದೆ? ಇದನ್ನ ತಂದು ಹೆಂಡತಿ ಎದೆ ಮೇಲೆ ಬಳಿದಿದೀಯಲ್ಲೋ, ಪಾಪಿ!”

“ಗುರುತು ಸಿಕ್ತಾ? ನೀವೇ ಇಟ್ಟಿದ್ದಲ್ವಾ?” ಲೋರ್ಕನ್ ಕುಂಚ ಬೀಸಿ ಬಾಗಿಲು ತೋರಿಸಿದ. “ರೊಟ್ಟಿ ವಾಪಸ್ ತಗೊಂಡು ಹೋಗಿ. ಅದರಲ್ಲೇನಿದೆಯೋ.”

ಮುದುಕಿಯ ಕಣ್ಣು ಸುರಿಯುತ್ತಿತ್ತು. ಆಗ ಎರಡೂ ಕಣ್ಣು.

ಮರುದಿನ ಬಂದವನು ಟೈಗ್. ಕೈಯಲ್ಲಿ ನೊರೆಗಟ್ಟಿದ ಹಾಲಿನ ಕ್ಯಾನು. ಹಸುಗಳು ಸುಧಾರಿಸಿದವೆಂದು ಹಿಗ್ಗಿದ. ಹಲಗೆಯ ಮುಂದೆ ಬಹಳ ಹೊತ್ತು ನಿಂತ. “ಎಂಥಾ ಚೆಂದದ ಕೂಸು! ಎಂಥಾ ಕೆನ್ನೆ!” ಎಂದ. ಅವನು ನೋಡುತ್ತಿದ್ದುದು ಹಲಗೆಯ ಕೂಸನ್ನೋ ತೊಟ್ಟಿಲಿನದನ್ನೋ ತಿಳಿಯಲಿಲ್ಲ.

ಊನಾ ಕೆರ್ರಿ ಸೀಮೆಯ ಹೈನುಗಾರರ ಮಗಳು, ಆ ಪದ್ಧತಿ ಬಲ್ಲವಳು. ಅವಳು ಆ ಮಾತಿಗಾಗಿ ಕಾದಳು.

“ದೇವರು ಕಾಯಲಿ ಅನ್ನಿ, ಟೈಗ್,” ಎಂದಳು.

“ನಿನ್ನ ಗಂಡನಿಗೆ ಅಂಥ ಮಾತೆಲ್ಲ ಹಿಡಿಸಲ್ಲವಲ್ಲಮ್ಮ,” ಎಂದು ನಕ್ಕು, ಅವನು ಟೋಪಿಯಂಚು ಮುಟ್ಟಿ ಹೊರಟುಹೋದ.

ಅಂದು ಸಂಜೆ ಐಡೀನ್ ಮೊಲೆಯಿಂದ ಬಾಯಿ ಕಿತ್ತುಕೊಂಡು ಚೀರಿದಳು. ತುಟಿಯ ಮೇಲೆ ನಿಂತ ಹಾಲು ಹಾಲಾಗಿರಲಿಲ್ಲ. ಹಸಿರು ಬೆರೆತ ಹಳದಿಯ ಎಳೆ ಎಳೆ. ಕೊಳೆತ ಮೊಟ್ಟೆಯ ನಾತ ಕೋಣೆಯನ್ನು ತುಂಬಿತು. ಊನಾ ತನ್ನ ಎದೆಯಿಂದಲೇ ಮುಖ ತಿರುಗಿಸಿ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು.

ವೈದ್ಯರು ಪರೀಕ್ಷಿಸಿದರು. ತಾಯಿಗೆ ಜ್ವರವಿಲ್ಲ, ಬಾವಿಲ್ಲ, ಸೋಂಕಿಲ್ಲ. ಡಬ್ಬಿಯ ಹಾಲುಪುಡಿ ಬರೆದುಕೊಟ್ಟರು. ಬಾಟಲಿಯಲ್ಲಿ ಅದು ಬೆಳ್ಳಗೇ ಇತ್ತು. ಕೂಸಿನ ತುಟಿ ಮುಟ್ಟಿದ ಕ್ಷಣವೇ ಒಡೆದು ಹಳದಿ ಗಡ್ಡೆಯಾಗಿ ಗದ್ದದ ಮೇಲೆ ಜಾರಿತು. ಸಕ್ಕರೆನೀರೂ ನಿಲ್ಲಲಿಲ್ಲ. ಎರಡು ದಿನದಲ್ಲಿ ಐಡೀನ್‌ಳ ಚೀರಾಟ ಕುಗ್ಗಿ ಮುಲುಕಾಯಿತು, ಮುಲುಕು ಬರಿಯ ಬಾಯ್ದೆರೆತವಾಯಿತು. ಕೈ ಮೇಲಿನ ಚರ್ಮವನ್ನು ಚಿವುಟಿದರೆ ಅದು ಎದ್ದಂತೆಯೇ ನಿಲ್ಲುತ್ತಿತ್ತು. ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲು ಮೇ ಮೊದಲ ದಿನದ ಮಧ್ಯಾಹ್ನಕ್ಕೆ ಗಾಡಿ ಗೊತ್ತುಮಾಡಿದರು.

ಆ ದಿನ ಬೆಳಗ್ಗೆ ಲೋರ್ಕನ್ ಹಲಗೆಯ ಕೋಣೆಯ ಬಾಗಿಲು ತೆರೆದ.

ನೊಣಗಳ ಮೊರೆತ. ಒಣಗಿ ನಾಲ್ಕು ದಿನವಾದ ಬಣ್ಣ ಬೆವರುತ್ತಿತ್ತು. ಚಿತ್ರದ ಬೆಂಕಿಯಿಂದ ಹಳದಿ ಹನಿಗಳು ಇಳಿದು ಚೌಕಟ್ಟಿನ ತಳದಲ್ಲಿ ಮಡುಗಟ್ಟಿದ್ದವು. ಹಸುಗಳ ಮೈ ಬಾತಿತ್ತು. ಆದರೆ ಅವನು ಬಾಗಿಲಿಗೇ ಹಿಮ್ಮೆಟ್ಟಿದ್ದು ಮಗುವನ್ನು ನೋಡಿ. ಅವನು ಬರೆದದ್ದು ಐದು ವಾರದ ಎಳೆಗೂಸನ್ನು. ಹಲಗೆಯ ಮೇಲಿದ್ದುದು ದಪ್ಪ ಕೆನ್ನೆಯ, ಮೂರು ಮಡಿಕೆ ಕತ್ತಿನ, ಉಬ್ಬಿದ ಜೀವ. ಅದರ ತುಟಿ ಮೊಲೆಯನ್ನು ಬಿಟ್ಟಿರಲಿಲ್ಲ. ಕುಡಿಯುತ್ತಲೇ ಇತ್ತು. ಸದ್ದು ಕೇಳುತ್ತಿತ್ತು.

ಚೂರಿ ತೆಗೆದು ಕೆರೆದ. ಬಣ್ಣ ಸಿಪ್ಪೆಯಾಗಿ ಏಳಲಿಲ್ಲ, ಚರ್ಮದಂತೆ ಜಗ್ಗಿತು. ಸೀಳಿದಲ್ಲಿ ಬಿಳಿಯದೇನೋ ಹೊರಳಿತು. ಅವನು ಚೂರಿಯನ್ನು ಬಿಸುಟು, ಗೋಡೆ ಹಾರಿ, ಡೀಲಿಯಾಳ ಬಾಗಿಲಿಗೆ ಓಡಿದ.

ಅವಳು ಅವನನ್ನು ಕುಳ್ಳಿರಿಸಲಿಲ್ಲ. ಬೈಯಲೂ ಇಲ್ಲ.

“ಎಲ್ಲಿ ಸಿಕ್ತು?”

“ಟೈಗ್ ಹುಲ್ಲಲ್ಲಿ. ಮುಟ್ಟಬೇಡ ಅಂದಿದ್ರು. ನಾನೇ...”

“ಎಷ್ಟು ಸಲ ಅಂದ?”

“ಮೂರು ಸಲ.”

ಮುದುಕಿ ಕಣ್ಣು ಮುಚ್ಚಿಕೊಂಡಳು. “ಅವನ ಅಂಗಳದಲ್ಲಿ ಕೋಳಿ ನೋಡಿದೀಯಾ? ಒಂದಾದರೂ?”

ಲೋರ್ಕನ್ ಯೋಚಿಸಿದ. ನಾಲ್ಕು ತಿಂಗಳ ನೆರೆಮನೆ. ಕೋಳಿಯ ಕೂಗು ಆ ಕಡೆಯಿಂದ ಒಂದು ದಿನವೂ ಬಂದಿರಲಿಲ್ಲ. ಆದರೂ ಟೈಗ್ ಮೊಟ್ಟೆಗೆಂದು ಕರೆದಿದ್ದ.

“ಇಟ್ಟವರು ಯಾರೋ ನನಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಸಿಕ್ಕ ಮಾಟವನ್ನ ಸುಟ್ಟುಹಾಕೋದು ನಮ್ಮ ಪದ್ಧತಿ. ಸುಟ್ಟರೆ ಸುಟ್ಟವನ ಆ ವರ್ಷದ ಹೈನು ಕೈಬಿಟ್ಟು ಹೋಗುತ್ತೆ. ಅಷ್ಟನ್ನೂ ಕಳ್ಕೊಳ್ಳೋಕೆ ಮನಸ್ಸಿಲ್ಲದವರು ಅದನ್ನ ದಾಟಿಸ್ತಾರೆ. ಮೂರು ಸಲ ಬೇಡ ಅನ್ನಬೇಕು. ಕೇಳಿದವನು ನಗ್ತಾ ತಗೋಬೇಕು. ನಗೋ ಮನುಷ್ಯನೇ ಬೇಕು ಅದಕ್ಕೆ, ಮಗಾ. ನೀನು ಬಂದ ದಿನವೇ ಅವನು ನಿನ್ನ ನಗು ನೋಡಿದಾನೆ.”

ತನ್ನನ್ನು ಉಳಿಸಲೆಂದು ಆಡಿದ ಮಾತೇ ತನಗೆ ಒಡ್ಡಿದ ಉರುಳಾಗಿತ್ತು ಎಂಬುದು ಲೋರ್ಕನ್‌ಗೆ ಹೊಳೆದಾಗ, ಗಂಟಲಿನಲ್ಲಿ ಕುಳಿತಿದ್ದ ಆ ಮೊದಲ ದಿನದ ನಾತ ಬಾಯಿಗೆ ಬಂತು.

“ಹಲಗೆ ಸುಡು. ನಿನ್ನ ಕೈಯಲ್ಲೇ. ಹೊತ್ತು ಏರೋಕೆ ಮುಂಚೆ. ಉರಿ ಹತ್ತಿದ ಮೇಲೆ ದಾಟಿಸಿದವನು ಬರ್ತಾನೆ. ಬಂದೇ ಬರ್ತಾನೆ. ಮೂರು ಸಲ ಬೇಡ ಅಂದವನು ಮೂರು ಸಲ ಬೇಡ್ತಾನೆ. ಕೊಡಬೇಡ. ಕೆಂಡ ಕೊಡಬೇಡ, ನೀರು ಕೊಡಬೇಡ, ಬಾಯಿಂದ ಒಂದು ಮಾತೂ ಕೊಡಬೇಡ. ಕೊಟ್ಟೆಯೋ, ಕೂಸು ಅವನ ಪಾಲು.” ಬಾಗಿಲು ಮುಚ್ಚುವ ಮೊದಲು ಅವಳು ಎಂದಿನ ಮಾತನ್ನು ಹೇಳಿದಳು: “ದೇವರ ಕೃಪೆ ಇರಲಿ ನಿನ್ನ ಕೆಲಸದ ಮೇಲೆ.” ಅವನು ಈ ಬಾರಿ ನಗಲಿಲ್ಲ. ತಲೆ ಬಾಗಿಸಿದ.

ಹಲಗೆಯನ್ನು ಅಂಗಳಕ್ಕೆ ಎಳೆದ. ಅದು ಎರಡು ಆಳಿನ ಭಾರವಾಗಿತ್ತು. ಕೊಡಲಿ ಎತ್ತಿದ. ಮೊದಲ ಪೆಟ್ಟಿಗೆ ಮರ ಸೀಳಲಿಲ್ಲ, ಮಾಂಸದಂತೆ ಹಿಂಜಿತು. ಎರಡನೆಯ ಪೆಟ್ಟು. ಹಳದಿ ಮುಖಕ್ಕೆ ಎರಚಿತು. ತುಟಿಗೂ ತಾಗಿತು. ಬೆಚ್ಚಗಿತ್ತು. ಅವನು ಉಗುಳಿದ. ಒಣ ಕಟ್ಟಿಗೆ ಒಟ್ಟಿ ಬೆಂಕಿ ಕೊಟ್ಟ.

ಮೇ ತಿಂಗಳ ಎಳೆಬಿಸಿಲು. ಮುಳ್ಳುಮರದ ಹೂವಿನ ವಾಸನೆ. ಅದರ ಮೇಲೆ ಆ ಹೊಗೆ. ಕೂದಲು ಸುಟ್ಟ ನಾತ. ಕಮಟು ಬೆಣ್ಣೆಯ ನಾತ. ಹಳದಿಯ ಒಂದೊಂದು ಹನಿಯೂ ಗುಳ್ಳೆಯಾಗಿ ಉಬ್ಬಿತು. ಗುಳ್ಳೆಯೊಳಗೆ ಏನೋ ಒದೆಯಿತು. ಒಡೆಯಿತು. ರೆಪ್ಪೆಯಿಲ್ಲದ ಕಣ್ಣು. ಪುಕ್ಕವಿಲ್ಲದ ಒದ್ದೆ ರೆಕ್ಕೆ. ಇನ್ನೊಂದು ಗುಳ್ಳೆ. ಇನ್ನೊಂದು. ಎಲ್ಲವೂ ಬಾಯಿ ತೆರೆದವು. ಎಲ್ಲವೂ ಹಸಿದಿದ್ದವು.

ಗೋಡೆಯಾಚೆ ಕೆಮ್ಮು ಕೇಳಿತು.

ಟೈಗ್ ಲಿಡ್ಡಿ. ಟೋಪಿಯಿಲ್ಲ. ಒಂದೇ ಕಾಲಿಗೆ ಬೂಟು. ನಗಲು ಯತ್ನಿಸಿದ.

“ಹಬ್ಬದ ಬೆಂಕಿ ಜೋರಾಗಿದೆಯಲ್ಲಪ್ಪ. ಪೈಪಿಗೆ ಒಂದು ಕೆಂಡ ಕೊಡು.”

ಲೋರ್ಕನ್ ಬೆಂಕಿಯನ್ನೇ ನೋಡಿದ.

“ಒಂದು ಕೆಂಡಕ್ಕೂ ಜಿಪುಣತನವಾ, ಡಬ್ಲಿನ್‌ನವನೇ?” ಮುದುಕ ಗೋಡೆ ಹತ್ತಿದ. ಬಿದ್ದ. ಎದ್ದ. ಅವನ ತುಟಿಯ ಎರಡೂ ಕೊನೆಯಲ್ಲಿ ಹಳದಿ ಇಳಿಯುತ್ತಿತ್ತು. “ಒಳಗೆ ಉರೀತಿದೆ ಕಣೋ. ನೀರು ಕೊಡು. ಬಾವಿ ನಿನ್ನ ಹಿಂದೇನೇ ಇದೆ. ನಾಯಿಗೂ ಕೊಡ್ತಾರಲ್ಲೋ ನೀರು.”

ಬಾವಿಕಟ್ಟೆಯ ಮೇಲೆ ತುಂಬಿದ ಬಕೆಟ್ ಇತ್ತು. ಕೈಗೆಟಕುವಷ್ಟು ಹತ್ತಿರ. ಲೋರ್ಕನ್ ಕೈಗಳನ್ನು ಕಂಕುಳಲ್ಲಿ ಇರುಕಿಕೊಂಡ. ಬಾಗಿಲ ಹಿಂದೆ ಊನಾ ಕೂಸನ್ನು ಅಪ್ಪಿ ನಿಂತಿದ್ದಳು. ಕೂಸಿನ ಬಾಯಿ ತೆರೆದಿತ್ತು. ಸದ್ದಿರಲಿಲ್ಲ.

ಟೈಗ್ ಮೊಣಕಾಲೂರಿದ. ಕೆಮ್ಮಿದ. ಬಾಯಿಂದ ಚಿಪ್ಪಿನ ಚೂರು ಬಿತ್ತು. ಅದರ ಹಿಂದೆ ಬಿಳಿಯ ಹುಳು. ಅವನು ಅದನ್ನು ನೋಡಿದ. ಅವನ ಕಣ್ಣಲ್ಲಿ ಈಗ ಕಪಟವಿರಲಿಲ್ಲ. ಸಾಯುವವನ ಭಯವಿತ್ತು, ಅಷ್ಟೆ.

“ನನಗೆ ಇದ್ದಿದ್ದು ಆ ಹಸುಗಳೊಂದೇ, ಮಗಾ. ಬೇರೆ ಯಾರೂ ಇಲ್ಲ. ಏನೂ ಕೊಡಬೇಡ. ಒಂದು ಮಾತು ಹೇಳು, ಸಾಕು. ದೇವರು ನಿನ್ನ ಕಾಯಲಿ ಅನ್ನು. ಅಷ್ಟೇ. ಅದಿಲ್ಲದೆ ನಾನು ಹೇಗೆ ಹೋಗ್ಲಿ?”

ಹೀನಾಯವಾಗಿ ನಕ್ಕು ತಳ್ಳಿಹಾಕಿದ್ದ ಆ ಮಾತು ಲೋರ್ಕನ್‌ನ ಗಂಟಲವರೆಗೆ ಬಂತು. ಜೀವಮಾನದಲ್ಲಿ ಮೊದಲ ಬಾರಿಗೆ ಅದನ್ನು ಹೇಳಬೇಕೆನಿಸಿತು. ಹೇಳಬೇಕೆಂದು ಎದೆ ಒಡೆಯಿತು. ಅವನು ನಾಲಗೆಯನ್ನು ಕಚ್ಚಿದ. ರಕ್ತ ಬಂತು. ಇನ್ನೂ ಕಚ್ಚಿದ. ಹಲಗೆಯ ಕೊನೆಯ ತುಂಡು ಉರಿಯಿತು. ಅದರ ಮೇಲಿನ ಉಬ್ಬಿದ ಬಾಯಿ ಮೊಲೆಯನ್ನು ಬಿಟ್ಟಿತು. ಬೂದಿಯಾಯಿತು.

ಮನೆಯೊಳಗಿಂದ ಅಳು ಕೇಳಿತು. ಹಸಿದ, ಸಿಟ್ಟಾದ, ಜೀವವಿರುವ ಅಳು. ಆಮೇಲೆ ಅದು ನಿಂತಿತು. ಕೂಸು ಕುಡಿಯುವ ಸದ್ದು ಬಂತು.

ಟೈಗ್ ಲಿಡ್ಡಿ ಗೋಡೆಗೊರಗಿ ಕುಳಿತಿದ್ದ. ಬಾಯಿ ತೆರೆದಿತ್ತು. ಅದರ ತುಂಬ, ಅಂಚಿನವರೆಗೂ, ಹಳದಿ ನಿಂತಿತ್ತು. ಒಂದು ನೊಣ ಬಂದು ಅದರ ಮೇಲೆ ಕುಳಿತಿತು.

ಭವನ ಮೂರು ಹಲಗೆಗಳೊಂದಿಗೆ ತೆರೆಯಿತು; ನಾಲ್ಕನೆಯ ಗೋಡೆ ಇಂದಿಗೂ ಬರಿದು. ಲೋರ್ಕನ್‌ನ ಬಲಗೈ ಬೆರಳುಗಳ ನಡುವೆ ತೆಳುವಾದ ಪೊರೆಯೊಂದು ಉಳಿದುಬಿಟ್ಟಿತು. ಕತ್ತರಿಸಿದರೆ ಬೆಳಗಾಗುವುದರೊಳಗೆ ಮತ್ತೆ ಕೂಡಿಕೊಳ್ಳುತ್ತದೆ. ಆ ಕೈಯಲ್ಲಿ ಕುಂಚ ನಿಲ್ಲುವುದಿಲ್ಲ. ಐಡೀನ್ ದುಂಡಗೆ ಬೆಳೆದಳು, ನಡೆದಳು, ಮಾತು ಕಲಿತಳು. ತಂದೆಯ ಬಲಗೈ ಹತ್ತಿರ ಬಂದರೆ ಇಂದಿಗೂ ಮೂಗು ಮುಚ್ಚಿಕೊಂಡು ಮುಖ ತಿರುಗಿಸುತ್ತಾಳೆ. ಅವನು ಅವಳನ್ನು ಎಡತೋಳಿನಲ್ಲಿ ಎತ್ತಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಾನೆ. ಹನ್ನೊಂದು ಹಸುಗಳನ್ನು ಡೀಲಿಯಾ ಮೇಯಿಸುತ್ತಾಳೆ.

ಭಾನುವಾರದ ಪೂಜೆ ಮುಗಿದ ಮೇಲೆ ಲೋರ್ಕನ್ ಟೈಗ್‌ನ ಗೋರಿಯ ಬಳಿ ಟೋಪಿ ಕಳಚಿ ನಿಲ್ಲುತ್ತಾನೆ. ಅಂದು ಕಚ್ಚಿ ಹಿಡಿದ ಮಾತನ್ನು ಹೇಳುತ್ತಾನೆ. ಮೂರು ಸಲ ಹೇಳುತ್ತಾನೆ. ಮಣ್ಣು ಕೇಳಿಸಿಕೊಂಡಿತೋ ಇಲ್ಲವೋ ಬಲ್ಲವರಿಲ್ಲ.

ಕೇಳಿದ ನಿಮಗೆ ಆ ಮಾತನ್ನು ನಾನು ತಡೆಹಿಡಿಯಲಾರೆ. ನಿಮ್ಮ ಕೈಯ ಕೆಲಸದ ಮೇಲೆ, ನಿಮ್ಮ ಮನೆಯ ಹಾಲಿನ ಮೇಲೆ, ನಿಮ್ಮ ತೊಟ್ಟಿಲುಗಳ ಮೇಲೆ ದೇವರ ಕೃಪೆ ಇರಲಿ. ಕೇಳುವವರಿಲ್ಲದೆ ಸತ್ತವರ ಮೇಲೂ ಇರಲಿ. ದೇವರು ನಿಮ್ಮನ್ನು ಕಾಯಲಿ.